ಡಿಸಿಸಿ ಡಿಕೋಡರ್ ಯಾವುದು ತಗೊಳ್ಳುದು? 8 ಪಿನ್, 21 ಪಿನ್, ಪ್ಲಕ್ಸ್ ನೋಡಿ ತಲೆ ತಿರುಗ್ತಾ ಉಂಟು

ಪಡೀಲ್ ಯಾರ್ಡ್:

ಎಲ್ರಿಗೂ ನಮಸ್ಕಾರ. ನಾನು ಮಂಗಳೂರು, ಪಡೀಲ್ ಹತ್ರ. ಮಾಳಿಗೆ ರೂಮಲ್ಲಿ 8x4 ಪ್ಲೈವುಡ್ ಮೇಲೆ ಮಾಡೆಲ್ ರೈಲಿನ ಎಚ್‌ಒ ಸ್ಕೇಲಿನ ಲೇಔಟ್ ಒಂದು ಕಟ್ತಾ ಇದ್ದೇನೆ, ಎರಡು ಲೂಪ್, ಒಂದು ಸಣ್ಣ ಯಾರ್ಡ್, ಮುಂದೆ ಒಂದು ಘಾಟಿ ಸೆಕ್ಷನ್ ಮಾಡುವ ಅಂತ ಆಸೆ. ಇಷ್ಟರವರೆಗೆ ಸಾದಾ ಡಿಸಿ ಕಂಟ್ರೋಲರಲ್ಲೇ ಓಡಿಸಿದ್ದು. ಆದ್ರೆ ಒಂದು ಇಂಜಿನ್ ಯಾರ್ಡಲ್ಲಿ ನಿಲ್ಲಿಸಿ ಇನ್ನೊಂದನ್ನು ಮೇನ್ ಲೈನಲ್ಲಿ ಓಡಿಸ್ಬೇಕಾದ್ರೆ ಪ್ರತಿ ಟ್ರ್ಯಾಕಿಗೂ ಒಂದೊಂದು ಟಾಗಲ್ ಸ್ವಿಚ್ ಬೇಕಾಗ್ತದೆ, ಬೋರ್ಡಿನ ಅಡಿಯಲ್ಲಿ ವಯರ್ ನೋಡಿದ್ರೆ ಹೆದರಿಕೆ ಆಗ್ತದೆ, ಹಾಗಾಗಿ ಡಿಸಿಸಿಗೆ, ಅಂದ್ರೆ ಒಂದೇ ಹಳಿಯಲ್ಲಿ ಪ್ರತಿ ಇಂಜಿನನ್ನೂ ಬೇರೆ ಬೇರೆ ಓಡಿಸುವ ಡಿಜಿಟಲ್ ಕಂಟ್ರೋಲಿಗೆ, ಹೋಗುದು ಅಂತ ತೀರ್ಮಾನ ಮಾಡಿದ್ದೇನೆ. ಹಳಿಗೆ ಸಿಗ್ನಲ್ ಕಳಿಸುವ ಕಮಾಂಡ್ ಸ್ಟೇಷನ್ ವಿಷಯ ಆಮೇಲೆ ನೋಡುವ, ಮೊದಲು ಇಂಜಿನಿನ ಒಳಗೆ ಕೂತು ಆ ಸಿಗ್ನಲ್ ಓದುವ ಡಿಕೋಡರ್.

ಸದ್ಯಕ್ಕೆ ನನ್ನತ್ರ ಮೂರು ಇಂಜಿನ್ ಉಂಟು.

ಒಂದು, ರೋಕೊ ಎಲೆಕ್ಟ್ರಿಕ್, ಜರ್ಮನಿಯಲ್ಲಿರುವ ಭಾವ ತಂದದ್ದು, ಹೊಸತೇ. ಪುಸ್ತಕದಲ್ಲಿ ಪ್ಲಕ್ಸ್22 ಅಂತ ಬರ್ದಿದೆ.

ಎರಡನೇದು ಹಳೇ ಅಥರ್ನ್ ಡೀಸೆಲ್, ನೀಲಿ ಡಬ್ಬದಲ್ಲಿ ಬರ್ತಿತ್ತಲ್ಲ ಅದು, ಸೆಕೆಂಡ್ ಹ್ಯಾಂಡ್, ಮೊದಲಿದ್ದವರು ಅದಕ್ಕೆ ನಮ್ಮ ರೈಲ್ವೆ ಬಣ್ಣ ಹೊಡ್ದಿದ್ದಾರೆ. ದೂರದಿಂದ ನೋಡಿದ್ರೆ ಡಬ್ಲ್ಯುಡಿಎಂ2 ತರ ಕಾಣ್ತದೆ, ಹತ್ರ ಹೋದ್ರೆ ಇಲ್ಲ.

ಮೂರನೇದು ಬ್ರಿಟಿಷ್ ಒಒ ಸ್ಕೇಲಿನ ಸಣ್ಣ ಟ್ಯಾಂಕ್ ಇಂಜಿನ್, ಸ್ಟೀಮ್. ಡಬ್ಬದ ಮೇಲೆ "ಡಿಸಿಸಿ ರೆಡಿ" ಅಂತ ಉಂಟು. ಹಾಗಾದ್ರೆ ಅದ್ರಲ್ಲಿ ಡಿಕೋಡರ್ ಇದ್ದೇ ಇದೆ ಅಂತ ಅರ್ಥವಾ?

ಆನ್‌ಲೈನಲ್ಲಿ ನೋಡಿದ್ರೆ ಒಂದೇ ಕಂಪೆನಿಯ ಒಂದೇ ಡಿಕೋಡರಿಗೆ ಆರೇಳು ನಮೂನೆ, ರೇಟು ಬೇರೆ ಬೇರೆ. ಸೌಂಡ್ ಇರುವುದಕ್ಕೆ ಸೌಂಡ್ ಇಲ್ಲದ್ದರ ಮೂರು ಪಟ್ಟು ಹೇಳ್ತಾರೆ. ಮೂರಕ್ಕೂ ಒಂದೇ ಕಂಪೆನಿಯದ್ದು ತಗೊಂಡ್ರೆ ಒಳ್ಳೇದಾ? ಮತ್ತೆ ಡೀಸೆಲಿಗಾದ್ರೂ ಸೌಂಡ್ ಹಾಕ್ಲೇಬೇಕು ಅಂತ ಮಗಳ ಹಠ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.


ಯಡಕುಮೇರಿ ಬ್ಯಾಂಕರ್:

ನಮಸ್ಕಾರ. ನೀವು ಕಂಪೆನಿಯಿಂದ ಶುರು ಮಾಡಿದ್ದೀರಿ, ಅದನ್ನು ಕೊನೆಗೆ ಇಡಿ. ಮೊದಲು ಇಂಜಿನಿನ ಬಾಡಿ ಬಿಚ್ಚಿ ಒಳಗೆ ನೋಡಿ. ಯಾವ ಡಿಕೋಡರ್ ಅಂತ ಇಂಜಿನೇ ಹೇಳ್ತದೆ: ಒಳಗೆ ಎಂತ ಸಾಕೆಟ್ ಉಂಟು, ಮೋಟರ್ ಎಷ್ಟು ಕರೆಂಟ್ ಎಳಿತದೆ, ಜಾಗ ಎಷ್ಟು ಉಂಟು. ಈ ಮೂರು ಗೊತ್ತಾದ್ರೆ ಅಂಗಡಿಯ ಪಟ್ಟಿಯಲ್ಲಿ ಮುಕ್ಕಾಲುವಾಸಿ ಹಾಗೇ ಹೊಡ್ದು ಹಾಕ್ಬಹುದು.

ಡಿಸಿಸಿ ಎಂಬುದು ಅಮೆರಿಕದ ಮಾಡೆಲ್ ರೈಲು ಸಂಘದ ಎನ್‌ಎಂಆರ್‌ಎ ಸ್ಟ್ಯಾಂಡರ್ಡ್, ಜರ್ಮನಿಯ ಲೆಂಝ್ ಮಾಡಿದ್ದರ ಮೇಲೆ 1990ರ ದಶಕದಲ್ಲಿ ಕಟ್ಟಿದ್ದು. ಹಾಗಾಗಿ ಒಂದು ಇಂಜಿನಲ್ಲಿ ಇಎಸ್‌ಯು, ಇನ್ನೊಂದ್ರಲ್ಲಿ ಜೀಮೋ, ಮತ್ತೊಂದ್ರಲ್ಲಿ ಡಿಜಿಟ್ರ್ಯಾಕ್ಸ್ ಇದ್ರೂ ಒಂದೇ ಟ್ರ್ಯಾಕಲ್ಲಿ ಒಂದೇ ಕಂಟ್ರೋಲರಲ್ಲಿ ಓಡ್ತವೆ. ಮೂರಕ್ಕೂ ಒಂದೇ ಕಂಪೆನಿ ಬೇಕು ಅಂತ ಏನಿಲ್ಲ. ಒಂದೇ ಕಂಪೆನಿಯದ್ದಾದ್ರೆ ಸೆಟ್ಟಿಂಗ್ ಕಲಿಯುದು ಸುಲಭ, ಅಷ್ಟೇ.

ಈಗ ಸಾಕೆಟ್. "ಡಿಸಿಸಿ ರೆಡಿ" ಅಂದ್ರೆ ಸಾಕೆಟ್ ಉಂಟು, ಡಿಕೋಡರ್ ಇಲ್ಲ ಅಂತ. ಸಾಕೆಟಲ್ಲಿ ಒಂದು ಡಮ್ಮಿ ಪ್ಲಗ್ ಕೂತಿರ್ತದೆ, ಅದನ್ನು ತೆಗ್ದು ಡಿಕೋಡರ್ ಹಾಕುದು, ಆದ್ರೆ ಡಮ್ಮಿ ಬಿಸಾಡ್ಬೇಡಿ, ಮುಂದೆ ಇಂಜಿನ್ ಸರಿ ಓಡದಿದ್ರೆ ತಪ್ಪು ಡಿಕೋಡರಿನದ್ದಾ ಇಂಜಿನಿನದ್ದಾ ಅಂತ ನೋಡ್ಲಿಕ್ಕೆ ಅದೇ ಬೇಕು. ಒಳಗೇ ಇದ್ರೆ "ಡಿಸಿಸಿ ಫಿಟೆಡ್" ಅಂತ ಬರ್ದಿರ್ತಾರೆ.

ಯುರೋಪಿನವರ ಲೆಕ್ಕದಲ್ಲಿ 6 ಪಿನ್ ಎನ್‌ಇಎಂ 651, ಅದು ಸಣ್ಣ ಇಂಜಿನ್‌ಗಳಿಗೆ. 8 ಪಿನ್ 652, ಹಳೇ ಎಚ್‌ಒ, ಒಒ ಇಂಜಿನ್‌ಗಳಲ್ಲಿ ಜಾಸ್ತಿ ಇದೇ. 21 ಪಿನ್ ಅಂದ್ರೆ 660, ಪ್ಲಕ್ಸ್ ಅಂದ್ರೆ 658, ಅದ್ರಲ್ಲಿ 16 ಮತ್ತು 22 ಉಂಟು. ನೆಕ್ಸ್ಟ್18 ಅಂದ್ರೆ 662, ಹೊಸ ಎನ್ ಸ್ಕೇಲಲ್ಲಿ, ಸಣ್ಣ ಇಂಜಿನಲ್ಲಿ ಬರ್ತದೆ. ಇಷ್ಟು ನಂಬರ್ ಬಾಯಿಪಾಠ ಮಾಡ್ಬೇಕಾಗಿಲ್ಲ, ಸಾಕೆಟಿನ ಫೋಟೋ ತೆಗ್ದು ಇಟ್ಕೊಳ್ಳಿ.

ನಿಮ್ಮ ರೋಕೊ ಸುಲಭದ ಕೆಲಸ. ಪ್ಲಕ್ಸ್22 ಡಿಕೋಡರ್ ತಗೊಳ್ಳಿ, ಪ್ಲಕ್ಸ್16 ಕೂಡ ಅದೇ ಸಾಕೆಟಲ್ಲಿ ಕೂತ್ಕೊಳ್ತದೆ, ಆದ್ರೆ ಹೆಚ್ಚಿನ ಲೈಟ್ ಫಂಕ್ಷನ್ ಸಿಗುದಿಲ್ಲ. ತಿರುಗಿಸಿ ಹಾಕ್ಲಿಕ್ಕೆ ಆಗದ ಹಾಗೆ ಒಂದು ಪಿನ್ನಿನ ಜಾಗ ಮುಚ್ಚಿರ್ತದೆ. ಇಎಸ್‌ಯು ಲೋಕ್‌ಪೈಲಟ್ ಆದ್ರೆ ಹೆಸರಿನ ಕೊನೆಗೆ "ಡಿಸಿಸಿ" ಅಂತ ಇರುವುದನ್ನು ತಗೊಳ್ಳಿ. ಅದಿಲ್ಲದ ಮಲ್ಟಿ ಪ್ರೋಟೋಕಾಲ್ ನಮೂನೆಯಲ್ಲಿ ಮರ್ಕ್ಲಿನ್, ಸೆಲೆಕ್ಟ್ರಿಕ್ಸ್ ಭಾಷೆ ಎಲ್ಲಾ ಇರ್ತದೆ, ನಿಮಗೆ ಅದು ಯಾವತ್ತೂ ಬೇಡ, ದುಡ್ಡು ಯಾಕೆ ಕೊಡುದು. ಒಂದೇ ಡಿಕೋಡರಿಗೆ ಆರೇಳು ನಮೂನೆ ಅಂದ್ರಲ್ಲ, ಅದ್ರಲ್ಲಿ ಅರ್ಧ ಈ ಪ್ರೋಟೋಕಾಲಿನ ವ್ಯತ್ಯಾಸ, ಅರ್ಧ ಪ್ಲಗ್ಗಿನ ವ್ಯತ್ಯಾಸ. ಒಳಗಿನ ಸಾಮಾನು ಒಂದೇ.

ಟ್ಯಾಂಕ್ ಇಂಜಿನ್ ಬಿಚ್ಚಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ. 6 ಪಿನ್ ಆದ್ರೆ ಜೀಮೋ ಎಂಎಕ್ಸ್617 ತರದ ಸಣ್ಣದ್ದು ಸಾಕು. 8 ಪಿನ್ ಆದ್ರೆ ಜಾಗ ಅಳೀರಿ. ವಯರ್ ಇರುವ ಡಿಕೋಡರಿಗೆ ವಯರಿನ ಜಾಗವೂ ಬೇಕು, ಅದನ್ನು ಎಲ್ಲರೂ ಮರೀತಾರೆ, ಆಮೇಲೆ ಬಾಡಿ ಮುಚ್ಚುದಿಲ್ಲ.

ಅಥರ್ನ್ ಮಾತ್ರ ಬೇರೆ ಜಾತಿ. ಅದ್ರಲ್ಲಿ ಸಾಕೆಟ್ ಇಲ್ಲ. ಹಳೇ ನೀಲಿ ಡಬ್ಬದ ಅಥರ್ನಲ್ಲಿ ಮೋಟರಿನ ಅಡಿಯ ಬ್ರಶ್ ಕ್ಲಿಪ್ ನೇರ ಲೋಹದ ಫ್ರೇಮಿಗೆ ತಾಗಿರ್ತದೆ, ಫ್ರೇಮ್ ಅಂದ್ರೆ ಒಂದು ಹಳಿಯ ಕರೆಂಟ್. ಡಿಸಿಯಲ್ಲಿ ಅದು ಸರಿ, ವಯರ್ ಉಳಿತಾಯ. ಡಿಸಿಸಿಯಲ್ಲಿ ಮೋಟರಿನ ಎರಡೂ ತುದಿ ಡಿಕೋಡರಿಗೆ ಮಾತ್ರ ಹೋಗ್ಬೇಕು, ಹಳಿಗಾಗ್ಲಿ ಫ್ರೇಮಿಗಾಗ್ಲಿ ಎಲ್ಲೂ ತಾಗ್ಬಾರ್ದು, ತಾಗಿದ್ರೆ ಡಿಕೋಡರ್ ಆ ಕ್ಷಣಕ್ಕೆ ಹೋಯ್ತು. ಮೋಟರ್ ಹೊರಗೆ ತೆಗ್ದು ಅಡಿಯ ಕ್ಲಿಪ್ಪಿನ ಎರಡು ಹಲ್ಲು ಚಪ್ಪಟೆ ಮಾಡಿ ಅಥವಾ ಕತ್ತರಿಸಿ, ಅದಕ್ಕೊಂದು ವಯರ್ ಸೋಲ್ಡರ್ ಮಾಡಿ, ಫ್ರೇಮಿನ ಮೇಲೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ತೆಳು ಟೇಪ್) ಹಾಕಿ ಮೋಟರ್ ಕೂರಿಸಿ. ಮುಂದಿನ ಬಲ್ಬಿನ ಒಂದು ಕಾಲು ಕೂಡ ಫ್ರೇಮಿಗೇ ಇರ್ತದೆ, ಅದನ್ನೂ ಬಿಡಿಸ್ಬೇಕು.

ಆಮೇಲೆ ಸ್ಟಾಲ್ ಕರೆಂಟ್ ಅಳೀರಿ. ಮಲ್ಟಿಮೀಟರ್ 10 ಆಂಪ್ ತೂತಿಗೆ ಹಾಕಿ, ಮೋಟರಿಗೆ ಸರಣಿಯಲ್ಲಿ ಜೋಡಿಸಿ, 12 ವೋಲ್ಟ್ ಡಿಸಿ ಕೊಟ್ಟು, ಫ್ಲೈವೀಲ್ ಕೈಯಲ್ಲಿ ಹಿಡ್ದು ನಿಲ್ಲಿಸಿ. ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ಹಿಡಿದ್ರೆ ಮೋಟರ್ ಬಿಸಿ ಆಗ್ತದೆ. ಬಂದ ಸಂಖ್ಯೆಗಿಂತ ಡಿಕೋಡರಿನ ನಿರಂತರ ಆಂಪ್ ಜಾಸ್ತಿ ಇರ್ಬೇಕು. ಪೀಕ್ ಆಂಪ್ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ, ಅದನ್ನು ನಂಬಿ ತಗೊಳ್ಬೇಡಿ.


ಹ್ವಾಯ್ ಕುಂದಾಪ್ರ:

ಹ್ವಾಯ್, ಬ್ಯಾಂಕರ್ ಅವ್ರು ಹೇಳಿದ್ದೆಲ್ಲ ಸಮ, ಆರೆ ಮಗಳ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲೆ ಕಾಣಿ!

ಸೌಂಡ್ ಇಲ್ಲದ ಡೀಸೆಲ್ ಅಂದ್ರೆ ಎಂತ ಡೀಸೆಲ್ ಮರ್ರೆ. ಕೊಂಕಣ ಲೈನ್ ಪೂರ್ತಿ ಕರೆಂಟಾಗಿ 2022ಕ್ಕೇ ಮುಗ್ದಿತ್ತು, ಈಗ ಕುಂದಾಪ್ರ ಸ್ಟೇಷನ್ನಲ್ಲಿ ನಿಂತ್ರೆ ಮೊದಲಿನ ಹಾಂಗೆ ಆ ಗುಡುಗು ಕೇಂಬುದಿಲ್ಲ. ಮನೆಯಲ್ಲಾದ್ರೂ ಕೇಳ್ಲಿ.

ಒಂದು ವಿಷಯ ನಿಮ್ಗೆ ಉಪಯೋಗ ಆಪುದು: ಡಬ್ಲ್ಯುಡಿಎಂ2 ಅಂದ್ರೆ ಅಮೆರಿಕದ ಆಲ್ಕೋ ಡಿಎಲ್560ಸಿ, ಇಂಜಿನ್ 16 ಸಿಲಿಂಡರಿನ ಆಲ್ಕೋ 251. ಡಬ್ಲ್ಯುಡಿಜಿ4 ಅಂದ್ರೆ ಇಎಂಡಿ ಜಿಟಿ46ಮ್ಯಾಕ್, ಅದ್ರಲ್ಲಿ ಇಪ್ಪುದು 710 ಇಂಜಿನ್, ಟೂ ಸ್ಟ್ರೋಕ್. ಹಾಂಗಾಗಿ ಇಂಡಿಯನ್ ಸೌಂಡ್ ಸಿಕ್ಕುದಿಲ್ಲ ಅಂತ ತಲೆಬಿಸಿ ಮಾಡುಕಾಗ. ಸೌಂಡ್‌ಟ್ರ್ಯಾಕ್ಸ್ ಸುನಾಮಿ2 ಆಲ್ಕೋಗೆ ಬೇರೆ, ಇಎಂಡಿಗೆ ಬೇರೆ ಮಾಡಿ ಮಾರ್ತ್ರ್, ನಿಮ್ಮ ಬಣ್ಣದ ಗಾಡಿಗೆ ಆಲ್ಕೋದ್ದು ತಕಣಿ. ಐಡಲಿಂಗ್ ಕೇಂಡ್ರೆ ನಮ್ಮದೇ. ಹಾರ್ನ್ ಮಾತ್ರ ಅಮೆರಿಕದ್ದು, ಅದ್ರಲ್ಲಿ ಹತ್ತಾರು ಹಾರ್ನ್ ಇರ್ತು, ಹತ್ರದ್ದೊಂದು ಆರಿಸ್ಕಣಿ.

ಇಎಸ್‌ಯು ಲೋಕ್‌ಸೌಂಡ್ ಆದ್ರೆ ಸೌಂಡ್ ಪೂರ್ತಿ ಅಳ್ಸಿ ಬೇರೆ ತುಂಬ್ಸುಲಾತ್, ಆರೆ ಅದಕ್ಕೆ ಅವ್ರದ್ದೇ ಲೋಕ್‌ಪ್ರೋಗ್ರಾಮರ್ ಡಬ್ಬ ಬೇಕು. ಇಲ್ದಿದ್ರೆ ತಕಂಬತ್ತಿಗೇ ಅಂಗಡಿಯವ್ರತ್ರ ಇಂಥದ್ದು ಹಾಕಿ ಕೊಡಿ ಅಂತ ಹೇಳ್ಕ್. ಸುನಾಮಿಯಲ್ಲಿ ಬಂದ ಸೌಂಡೇ ಸೌಂಡ್, ಅದ್ರ ಒಳಗೆ ಆರ್ಸ್ಕಂಬುದು.

ಸ್ಪೀಕರ್ ಮೇಲೆ ಜಿಪುಣತನ ಮಾಡ್ಬೇಡಿ. ಶುಗರ್ ಕ್ಯೂಬ್ ಅಂತ ಸಿಕ್ಕತ್ತ್, ಫೋನಿನ ಒಳಗೆ ಇಪ್ಪು ನಮೂನೆ, ಅದ್ನ ಗಾಳಿ ಹೋಗದ ಡಬ್ಬದಲ್ಲಿ ಸೀಲ್ ಮಾಡಿ ಕೂರ್ಸಿ. ಡಬ್ಬ ಇಲ್ದಿದ್ರೆ ಎದುರಿನ ಶಬ್ದ ಹಿಂದಿನ ಶಬ್ದ ಒಂದನ್ನೊಂದು ಹೊಡ್ಕಂಡು ಸೊಳ್ಳೆ ಹಾಂಗೆ ಕೇಂತ್. ಓಂ ಎಷ್ಟು ಅಂತ ಡಿಕೋಡರ್ ಪುಸ್ತಕ ಕಂಡೇ ತಕಣಿ, ಹಳೇ ಲೋಕ್‌ಸೌಂಡ್ 3.5ಕ್ಕೆ 100 ಓಂ ಬೇಕಾಗಿತ್, ಈಗಿನ 5ಕ್ಕೆ 4ರಿಂದ 32 ಓಂ ಯಾವುದಾದ್ರೂ ಆತ್ತ್.


ಮಣಿಪಾಲ್ ಸೋಲ್ಡರ್:

ಸೌಂಡ್ ಬೇಡ ಅಂತ ಹೇಳ್ತಾ ಇಲ್ಲ, ಆದ್ರೆ ಅಥರ್ನಿಗೆ ಈಗಲೇ ಸೌಂಡ್ ಡಿಕೋಡರ್ ಹಾಕ್ಲೇಬೇಡಿ ಅಂತ ನನ್ನ ಅಭಿಪ್ರಾಯ. ಮೊದಲ ಸಲ ಸೋಲ್ಡರ್ ಮಾಡ್ತಾ ಇದ್ದೀರಿ, ಫ್ರೇಮಿಗೆ ಎಲ್ಲೋ ತಾಗಿ ಹೋದ್ರೆ ಹೋಗುದು ಸಾದಾ ಡಿಕೋಡರ್ ಆಗ್ಲಿ, ಮೂರು ಪಟ್ಟಿನದ್ದು ಯಾಕೆ? ಗಾಡಿ ಮೆತ್ತಗೆ ಓಡ್ಲಿಕ್ಕೆ ಶುರುವಾದ ಮೇಲೆ ಸೌಂಡ್ ಹಾಕಿ. ತಡವರಿಸ್ತಾ ಓಡುವ ಇಂಜಿನಿಗೆ ಸೌಂಡ್ ಹಾಕಿದ್ರೆ ಪ್ರತಿ ಜರ್ಕಿಗೂ ಸೌಂಡ್ ಕಟ್ಟಾಗಿ ಪುನಃ ಸ್ಟಾರ್ಟ್ ಆಗ್ತದೆ, ಅದು ಸೌಂಡ್ ಇಲ್ಲದ್ದಕ್ಕಿಂತ ಕಿರಿಕಿರಿ.

ಇದು ನಮ್ಮ ಊರಿಗೆ ವಿಶೇಷವಾಗಿ ಹೇಳ್ಬೇಕಾದ ವಿಷಯ. ಯುರೋಪಿನ ವಿಡಿಯೋ ನೋಡಿ ಡಿಕೋಡರ್ ಆರಿಸುದು ಸರಿ, ಆದ್ರೆ ಅವ್ರ ರೂಮಿನ ಗಾಳಿ ಬೇರೆ, ನಮ್ಮದು ಬೇರೆ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯೇ ಒಣಗುದಿಲ್ಲ, ಸಮುದ್ರದ ಉಪ್ಪು ಗಾಳಿ ಬೇರೆ, ಹಳಿ ಮೇಲೆ ಕಪ್ಪು ಪದರ ಬೇಗ ಕೂರ್ತದೆ. ಹಳಿ ನಿಕಲ್ ಸಿಲ್ವರ್ ಆದ್ರೆ ಪರವಾಗಿಲ್ಲ, ಹಿತ್ತಾಳೆ ಆದ್ರೆ ಆ ಪದರ ಕರೆಂಟನ್ನೇ ತಡೀತದೆ, ಸ್ಟೀಲ್ ಆದ್ರೆ ತುಕ್ಕು. ಡಿಸಿಯಲ್ಲಿ ಒಂದು ಕ್ಷಣ ಕರೆಂಟ್ ತಪ್ಪಿದ್ರೆ ಇಂಜಿನ್ ಸ್ವಲ್ಪ ಎಗರಿ ಮುಂದೆ ಹೋಗ್ತದೆ. ಡಿಸಿಸಿಯಲ್ಲಿ ಕರೆಂಟ್ ಜೊತೆ ಸಿಗ್ನಲ್ಲೂ ಅದೇ ಹಳಿಯಲ್ಲಿ ಬರುದು, ಅದೂ ಮೈಕ್ರೋಸೆಕೆಂಡ್ ಲೆಕ್ಕದ್ದು. ಗಲೀಜು ಹಳಿಯಲ್ಲಿ ಡಿಕೋಡರ್ ಪದೇ ಪದೇ ರೀಸ್ಟಾರ್ಟ್ ಆಗ್ತಾ ಇದ್ರೆ ನೀವು ಡಿಕೋಡರ್ ಸರಿ ಇಲ್ಲ ಅಂತ ಬೈತೀರಿ.

ಹಾಗಾಗಿ ನಾನಾದ್ರೆ ಟ್ಯಾಂಕ್ ಇಂಜಿನಿಗೆ ಡಿಕೋಡರ್ ಆರಿಸುವಾಗ ನೋಡುದು ಒಂದೇ, ಕೀಪ್ ಅಲೈವ್ ಜೋಡಿಸ್ಲಿಕ್ಕೆ ಆಗ್ತದಾ ಇಲ್ವಾ ಅಂತ. ಅದು ಸೂಪರ್ ಕೆಪಾಸಿಟರಿನ ಸಣ್ಣ ಕಟ್ಟು, ಕರೆಂಟ್ ತಪ್ಪಿದಾಗ ಒಂದೆರಡು ಸೆಕೆಂಡ್ ಗಾಡಿ ಎಳೀತದೆ. ಆರು ಚಕ್ರದ ಗಿಡ್ಡ ಇಂಜಿನ್ ಪಾಯಿಂಟಿನ ಪ್ಲಾಸ್ಟಿಕ್ ಫ್ರಾಗ್ (ಹಳಿಗಳು ದಾಟುವ ಜಾಗ, ಅಲ್ಲಿ ಕರೆಂಟ್ ಇರುದಿಲ್ಲ) ಮೇಲೆ ನಿಂತ್ಬಿಡುದು ಎಲ್ಲರಿಗೂ ಗೊತ್ತುಂಟು, ಅದಕ್ಕೆ ಮದ್ದು ಇದೇ. ಕೆಲವು ಡಿಕೋಡರಲ್ಲಿ ಅದಕ್ಕೇ ಬೇರೆ ವಯರ್ ಇರ್ತದೆ, ಕೆಲವು ಸಣ್ಣದ್ರಲ್ಲಿ ಬೋರ್ಡಿನ ಮೇಲೆ ಸೂಜಿ ಮೊನೆಯಷ್ಟು ಪ್ಯಾಡಿಗೆ ಸೋಲ್ಡರ್ ಮಾಡ್ಬೇಕು. ತಗೊಳ್ಳುವ ಮೊದಲೇ ಪುಸ್ತಕ ಡೌನ್‌ಲೋಡ್ ಮಾಡಿ ನೋಡಿ.

ಮತ್ತೆ ಇನ್ಸುಲೇಶನ್ ಟೇಪ್ ಸುತ್ತಬೇಡಿ, ದಯವಿಟ್ಟು. ನಮ್ಮ ಸೆಕೆಗೆ ಅದ್ರ ಅಂಟು ಕರಗಿ ಹಲ್ವದ ಹಾಗೆ ಆಗ್ತದೆ, ಮೇಲಾಗಿ ಡಿಕೋಡರಿಗೆ ಗಾಳಿ ಆಡುದಿಲ್ಲ, ಬಿಸಿ ಆಗಿ ತನ್ನಷ್ಟಕ್ಕೆ ನಿಲ್ತದೆ. ಫ್ರೇಮಿಗೆ ಕ್ಯಾಪ್ಟಾನ್ ಟೇಪ್ ಹಾಕಿ, ಡಿಕೋಡರ್ ಅದ್ರ ಮೇಲೆ ಫೋಮ್ ಡಬಲ್ ಟೇಪಲ್ಲಿ ಕೂರಿಸಿ, ಮೇಲ್ಭಾಗ ಖಾಲಿ ಬಿಡಿ.

ವಯರಿನ ಬಣ್ಣ: ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ಲೈಟ್, ಹಳದಿ ಹಿಂದಿನ ಲೈಟ್, ನೀಲಿ ಎಲ್ಲಾ ಲೈಟಿನ ಕಾಮನ್ ಪಾಸಿಟಿವ್, ಹಸಿರು ಮತ್ತು ನೇರಳೆ ಹೆಚ್ಚುವರಿ ಫಂಕ್ಷನ್. ಹಳೇ ಬಲ್ಬ್ ತೆಗ್ದು ಎಲ್‌ಇಡಿ ಹಾಕಿ, ಪ್ರತಿಯೊಂದಕ್ಕೂ 1 ಕೆ ರೆಸಿಸ್ಟರ್, ಹಂಪನಕಟ್ಟೆಯಲ್ಲೇ ಸಿಗ್ತದೆ. 8 ಪಿನ್ ಪ್ಲಗ್ ಉಲ್ಟಾ ಹಾಕಿದ್ರೆ ಸಾಮಾನ್ಯವಾಗಿ ಏನೂ ಸುಡುದಿಲ್ಲ, ಇಂಜಿನ್ ಹಿಂದೆ ಮುಂದೆ ಅದಲು ಬದಲಾಗ್ತದೆ, ಲೈಟ್ ಹತ್ತುದಿಲ್ಲ. ಅದನ್ನು ನೋಡಿ ಡಿಕೋಡರ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ.

ಕಮಾಂಡ್ ಸ್ಟೇಷನ್ ಇನ್ನೂ ತಗೊಳ್ಳದಿದ್ರೆ ಡಿಸಿಸಿ-ಇಎಕ್ಸ್ ನೋಡಿ. ಆರ್ಡುಯಿನೋ ಮೆಗಾ ಮತ್ತೆ ಒಂದು ಮೋಟರ್ ಶೀಲ್ಡ್, ಸಾಫ್ಟ್‌ವೇರ್ ಫ್ರೀ. ಫೋನಲ್ಲಿ ಇಂಜಿನ್ ಡ್ರೈವರ್ ಆ್ಯಪ್ ಹಾಕಿ ಓಡಿಸ್ಬಹುದು, ಅದಕ್ಕೆ ವೈಫೈ ಬೋರ್ಡ್ ಒಂದು ಸೇರಿಸ್ಬೇಕು. ಆರ್ಡುಯಿನೋದ್ದೇ ರೆವ್3 ಶೀಲ್ಡ್ ಆದ್ರೆ ವಿನ್ ಕನೆಕ್ಟ್ ಅಂತ ಬರ್ದಿರುವ ಟ್ರೇಸ್ ಮರೀದೆ ಕತ್ತರಿಸಿ, ಇಲ್ಲದಿದ್ರೆ ಟ್ರ್ಯಾಕಿನ ವೋಲ್ಟೇಜ್ ಸೀದಾ ಆರ್ಡುಯಿನೋಗೆ ಹೋಗ್ತದೆ.


ಪಡೀಲ್ ಯಾರ್ಡ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಯಾರೂ ಬಿಡಿಸಿ ಹೇಳಿರ್ಲಿಲ್ಲ. ಮೂರೂ ಬಿಚ್ಚಿ ನೋಡಿದೆ.

ಟ್ಯಾಂಕ್ ಇಂಜಿನಲ್ಲಿ 6 ಪಿನ್. ಬಾಯ್ಲರಿನ ಒಳಗೆ ಪೂರ್ತಿ ಲೋಹದ ಗಟ್ಟಿ, ಡಿಕೋಡರ್ ಬಿಟ್ಟು ಬೇರೆ ಏನೂ ಹಿಡಿಯುದಿಲ್ಲ. ಕೀಪ್ ಅಲೈವ್ ಎಲ್ಲಿ ಇಡುದು? ಮೋಟರಿಗೆ ಸಣ್ಣ ಹಳದಿ ಕೆಪಾಸಿಟರ್ ಒಂದು ಅಂಟಿಸಿದ್ದಾರೆ, ಅದು ಇರ್ಲಾ?

ಅಥರ್ನ್ ಸ್ಟಾಲ್ 1.6 ಆಂಪ್ ತೋರಿಸ್ತಾ ಉಂಟು. ಇದು ಜಾಸ್ತಿಯಾ? ನಾನು ನೋಡಿಟ್ಟ ಡಿಕೋಡರ್ ಎಲ್ಲಾ 1 ಆಂಪಿನದ್ದು.

ಮತ್ತೊಂದು, ಘಾಟಿ ಸೆಕ್ಷನಲ್ಲಿ ಅಥರ್ನ್ ಜೊತೆ ಇನ್ನೊಂದು ಡೀಸೆಲ್ ಸೇರಿಸಿ ಡಬಲ್ ಹೆಡ್ ಮಾಡ್ಬೇಕು ಅಂತ ಉಂಟು. ಎರಡಕ್ಕೂ ಒಂದೇ ಡಿಕೋಡರ್ ಇರ್ಬೇಕಾ?


ಮಣಿಪಾಲ್ ಸೋಲ್ಡರ್:

ಸ್ಟಾಲಲ್ಲಿ ಮೋಟರ್ ತಿರುಗುದಿಲ್ಲ, ಹಾಗಾಗಿ ಅದು ಬರೇ ವೋಲ್ಟೇಜ್ ಭಾಗಿಸು ಕಾಯಿಲಿನ ರೆಸಿಸ್ಟೆನ್ಸ್. 12ಕ್ಕೆ 1.6 ಅಂದ್ರೆ ಏಳೂವರೆ ಓಂ. ಹಳೇ ಮೋಟರಲ್ಲಿ ಕಮ್ಯುಟೇಟರಿನ ಸಂದುಗಳಲ್ಲಿ ಕಾರ್ಬನ್ ಪುಡಿ ತುಂಬಿ ಪಕ್ಕದ ಎರಡು ತುಂಡಿಗೆ ಸೇತುವೆ ಆಗಿರ್ತದೆ, ಆವಾಗ ಈ ಸಂಖ್ಯೆ ಇರ್ಬೇಕಾದ್ದಕ್ಕಿಂತ ಮೇಲೆ ಹೋಗ್ತದೆ. ಹಲ್ಲುಕಡ್ಡಿಯಲ್ಲಿ ಆ ಸಂದು ಕೆರೆದು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಇನ್ನೊಮ್ಮೆ ಅಳೀರಿ. ಇಳಿದ್ರೆ ಒಳ್ಳೇದು. ಸ್ವಲ್ಪವೇ ಇಳಿದ್ರೂ ಅದು ಆ ಮೋಟರಿನ ಸ್ವಭಾವ, ಹೆದರ್ಬೇಡಿ, ದೊಡ್ಡ ಡಿಕೋಡರ್ ಹಾಕಿ. ಎನ್‌ಸಿಇ ಡಿ13 ಅಂದ್ರೆ ಹೆಸರಲ್ಲೇ ಉಂಟು, 1.3 ಆಂಪ್. ಡಿಜಿಟ್ರ್ಯಾಕ್ಸ್ ಡಿಎಚ್126 ಆದ್ರೆ 1.5. ಒರೆಸಿದ ಮೇಲೂ 1.5ರ ಆಸುಪಾಸಲ್ಲೇ ನಿಂತ್ರೆ ಮೋಟರನ್ನೇ ಬದಲಿಸಿ, ಹೊಸ ಕ್ಯಾನ್ ಮೋಟರ್ ಅದ್ರ ಅರ್ಧವೂ ಎಳಿಯುದಿಲ್ಲ, ಆಮೇಲೆ ಸೌಂಡ್ ಡಿಕೋಡರ್ ಕೂಡ ಯಾವುದು ಬೇಕಾದ್ರೂ ಹಾಕ್ಬಹುದು.

ಹಳದಿ ಕೆಪಾಸಿಟರ್ ತೆಗೀರಿ. ಅದು ಟಿವಿ ರೇಡಿಯೋಗೆ ಗಲಾಟೆ ಆಗದಿರ್ಲಿ ಅಂತ ಡಿಸಿ ಕಾಲದಲ್ಲಿ ಹಾಕ್ತಿದ್ದದ್ದು. ಡಿಕೋಡರ್ ಮೋಟರಿನ ಬ್ಯಾಕ್ ಇಎಂಎಫ್, ಅಂದ್ರೆ ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜ್, ಅಳೆದು ವೇಗ ಹಿಡ್ಕೊಳ್ಳುದು, ಮಧ್ಯದಲ್ಲಿ ಕೆಪಾಸಿಟರ್ ಇದ್ರೆ ಅಳತೆ ತಪ್ಪಿ ಗಾಡಿ ನಡುಗ್ತದೆ.

ಕೀಪ್ ಅಲೈವಿಗೆ ಟ್ಯಾಂಕಿನ ಒಳಗೆ ಜಾಗ ಇಲ್ಲದಿದ್ರೆ ಹಿಂದಿನ ಕಲ್ಲಿದ್ದಲು ಪೆಟ್ಟಿಗೆ ನೋಡಿ, ಪ್ಲಾಸ್ಟಿಕ್ ಕಲ್ಲಿದ್ದಲು ಎದ್ದು ಬರ್ತದೆ, ಅಡಿ ಟೊಳ್ಳು. ಅಲ್ಲೂ ಆಗದಿದ್ರೆ ಇಂಜಿನ್ ಹಿಂದೆ ಯಾವಾಗ್ಲೂ ಇರುವ ಒಂದು ವ್ಯಾಗನ್ನಲ್ಲಿ ಇಟ್ಟು ಎರಡು ವಯರ್ ತನ್ನಿ. ಚೆಂದ ಕಾಣುದಿಲ್ಲ, ಆದ್ರೆ ನಿಲ್ಲುದಿಲ್ಲ.


ಯಡಕುಮೇರಿ ಬ್ಯಾಂಕರ್:

ಘಾಟಿ ಅಂದ್ರಲ್ಲ, ಇದು ನನ್ನ ಸಬ್ಜೆಕ್ಟ್. ಸಕಲೇಶಪುರ ಸುಬ್ರಹ್ಮಣ್ಯ ರೋಡ್ ಮಧ್ಯೆ 50ಕ್ಕೆ 1ರ ಏರು, ಮುಂದೆ ಹಿಂದೆ ಇಂಜಿನ್ ಹಾಕಿ ಹತ್ತಿಸುದು. ಅದನ್ನು 8 ಅಡಿ ಬೋರ್ಡಲ್ಲಿ ಮಾಡ್ಲಿಕ್ಕೆ ಹೊರಟ್ರೆ ನಿಜವಾದ 50ಕ್ಕೆ 1 ಸಾಕಾಗುದಿಲ್ಲ, ಒಂದು ಹಳಿ ಇನ್ನೊಂದರ ಮೇಲೆ ದಾಟುವಷ್ಟು ಎತ್ತರ ಬರ್ಬೇಕಲ್ಲ, ಹಾಗಾಗಿ ಎಲ್ಲರೂ ಅದಕ್ಕಿಂತ ಕಡಿದಾಗಿ ಮಾಡ್ತಾರೆ, ಇಂಜಿನಿಗೆ ಇನ್ನೂ ಕಷ್ಟ.

ಎರಡು ಇಂಜಿನ್ ಒಟ್ಟಿಗೆ ಓಡಿಸುದಕ್ಕೆ ಕನ್ಸಿಸ್ಟ್ ಅಂತ ಹೇಳುದು. ಎರಡರ ಸಿವಿ19ರಲ್ಲಿ (ಸಿವಿ ಅಂದ್ರೆ ಡಿಕೋಡರಿನ ಒಳಗಿನ ಒಂದೊಂದು ಸೆಟ್ಟಿಂಗ್) ಒಂದೇ ನಂಬರ್ ಬರೆದ್ರೆ ಎರಡೂ ಆ ನಂಬರಿಗೆ ಓಗೊಡ್ತವೆ, ತಿರುಗಿ ನಿಂತ ಇಂಜಿನಿಗೆ 128 ಸೇರಿಸಿ ಬರೀರಿ. ಡಿಕೋಡರ್ ಒಂದೇ ಇರ್ಬೇಕು ಅಂತ ಕಡ್ಡಾಯ ಇಲ್ಲ, ಆದ್ರೆ ನಿಜ ಹೇಳ್ಬೇಕಾದ್ರೆ ಇಲ್ಲಿ ಮಾತ್ರ ಒಂದೇ ಕಂಪೆನಿಯದ್ದು ಹಾಕಿದ್ರೆ ತಲೆನೋವು ಕಮ್ಮಿ. ಯಾಕಂದ್ರೆ ಒಂದೊಂದು ಕಂಪೆನಿಯ ಬ್ಯಾಕ್ ಇಎಂಎಫ್ ಒಂದೊಂದು ನಮೂನೆ. ಒಂದು ಇಂಜಿನ್ ತನ್ನ ವೇಗ ಬಿಡ್ಲಿಕ್ಕಿಲ್ಲ ಅಂತ ಹಠ ಹಿಡೀತದೆ, ಇನ್ನೊಂದು ತನ್ನದು ಬಿಡ್ಲಿಕ್ಕಿಲ್ಲ ಅಂತದೆ, ಎರಡೂ ಜಗ್ಗಾಡಿ ಮಧ್ಯದ ವ್ಯಾಗನ್ ಕರ್ವಲ್ಲಿ ಬೀಳ್ತದೆ.

ಮೊದಲು ಎರಡನ್ನೂ ಬೇರೆ ಬೇರೆ ಓಡಿಸಿ ವೇಗ ಒಂದೇ ಮಾಡ್ಬೇಕು. ಸಿವಿ2 ಹೊರಡುವ ವೋಲ್ಟೇಜ್, ಸಿವಿ5 ಗರಿಷ್ಠ, ಸಿವಿ6 ಮಧ್ಯದ್ದು. ಒಂದೇ ಲೂಪಲ್ಲಿ ಎರಡನ್ನೂ ದೂರ ದೂರ ಬಿಟ್ಟು ಒಂದು ಇನ್ನೊಂದನ್ನು ಹಿಡೀತದಾ ನೋಡುದು, ವೇಗದ್ದನ್ನು ಇಳಿಸುದು. ಯಾವಾಗ್ಲೂ ವೇಗದ್ದನ್ನೇ ಇಳಿಸಿ, ನಿಧಾನದ್ದನ್ನು ಏರಿಸ್ಲಿಕ್ಕೆ ಹೋಗ್ಬೇಡಿ. ಇಷ್ಟರಲ್ಲಿ ಸರಿ ಆಗದಿದ್ರೆ ಸಿವಿ67ರಿಂದ 94ರ ತನಕ ಸ್ಪೀಡ್ ಟೇಬಲ್ ಉಂಟು, ಜೆಎಂಆರ್‌ಐ ಡಿಕೋಡರ್‌ಪ್ರೋ ಹಾಕಿ ಕಂಪ್ಯೂಟರಲ್ಲಿ ಮಾಡಿ, ಅದು ಫ್ರೀ, ಕೈಯಲ್ಲಿ ಒಂದೊಂದೇ ಬರೀಲಿಕ್ಕೆ ಹೋದ್ರೆ ಮಳೆಗಾಲ ಮುಗೀತದೆ. ಸಿವಿ3 ಮತ್ತು 4, ಅಂದ್ರೆ ನಿಧಾನ ಹೊರಡುದು ನಿಧಾನ ನಿಲ್ಲುದು, ವೇಗ ಹೊಂದಿಸುವಷ್ಟು ಹೊತ್ತು ಎರಡರಲ್ಲೂ ಸೊನ್ನೆ ಇಡಿ.

ಇಎಸ್‌ಯು ಡಿಕೋಡರ್ ಹಾಕುದಾದ್ರೆ ಅದ್ರಲ್ಲಿ ಒಂದು ಸುಖ ಉಂಟು. ಸಿವಿ54ರಲ್ಲಿ ಸೊನ್ನೆ ಬರೆದು ಎಫ್1 ಒತ್ತಿದ್ರೆ ಇಂಜಿನ್ ತಾನೇ ಒಂದಷ್ಟು ದೂರ ಪೂರ್ತಿ ವೇಗದಲ್ಲಿ ಓಡಿ ಮೋಟರನ್ನು ಅಳೆದುಕೊಳ್ತದೆ. ಅಷ್ಟು ಉದ್ದ ನೇರ ಹಳಿ ಖಾಲಿ ಇರ್ಲಿ, ಎದುರಿಗೆ ಬಫರ್ ಇದ್ರೆ ಅದಕ್ಕೆ ಗೊತ್ತಾಗುದಿಲ್ಲ. ಹಳೇ ಅಥರ್ನ್ ತರದ ಒರಟು ಮೋಟರಿಗೆ ಇದ್ರಿಂದ ತುಂಬಾ ವ್ಯತ್ಯಾಸ ಆಗ್ತದೆ.

ಇನ್ನು ಅಡ್ರೆಸ್. ಹೊಸ ಡಿಕೋಡರ್ ಯಾವುದೇ ಇರ್ಲಿ ಅಡ್ರೆಸ್ 3ರಲ್ಲಿ ಬರ್ತದೆ. ಇಂಜಿನ್ ನಂಬರನ್ನೇ ಅಡ್ರೆಸ್ ಮಾಡುವ ಅಂತ ಎಲ್ಲರಿಗೂ ಆಸೆ, ಆದ್ರೆ ಡಿಸಿಸಿಯ ದೊಡ್ಡ ಅಡ್ರೆಸ್ 10239ಕ್ಕೆ ನಿಲ್ತದೆ, ಎಷ್ಟೋ ಕಂಟ್ರೋಲರಲ್ಲಿ 9999ಕ್ಕೇ. ಡಬ್ಲ್ಯುಡಿಜಿ4 ನಂಬರ್ ಶುರುವಾಗುದೇ 12001ರಿಂದ. ಹಾಗಾಗಿ ಕೊನೆಯ ನಾಲ್ಕು ಅಂಕಿ ಹಾಕಿ. 2105 ಅಂತ ಇಟ್ಕೊಳ್ಳಿ, 256ರಿಂದ ಭಾಗಿಸಿದ್ರೆ 8, ಉಳಿದದ್ದು 57. ಸಿವಿ17ರಲ್ಲಿ 192ಕ್ಕೆ 8 ಸೇರಿಸಿ 200, ಸಿವಿ18ರಲ್ಲಿ 57, ಸಿವಿ29ರಲ್ಲಿ 38. ಈಗಿನ ಕಂಟ್ರೋಲರ್ ಇದನ್ನೆಲ್ಲ ತಾನೇ ಮಾಡ್ತದೆ, ಆದ್ರೂ ಲೆಕ್ಕ ಗೊತ್ತಿದ್ರೆ ಇಂಜಿನ್ ಮಾತು ಕೇಳದಾಗ ಎಲ್ಲಿ ನೋಡ್ಬೇಕು ಅಂತ ತಿಳೀತದೆ. ಡಿಸಿಯಲ್ಲಿ ಇನ್ನು ಓಡಿಸುದೇ ಇಲ್ಲ ಅಂತಾದ್ರೆ 38ರ ಬದಲು 34 ಬರೀರಿ, ಅನಲಾಗ್ ಬಂದ್ ಆಗ್ತದೆ, ಯಾವುದಾದ್ರೂ ಶಾರ್ಟ್ ಆದಾಗ ಇಂಜಿನ್ ತನ್ನಷ್ಟಕ್ಕೆ ಓಡಿಹೋಗುದು ತಪ್ಪುತದೆ. ಎಲ್ಲಾ ಗೊಂದಲ ಆದ್ರೆ ಹೆಚ್ಚಿನ ಕಂಪೆನಿಯದ್ರಲ್ಲಿ ಸಿವಿ8ಕ್ಕೆ 8 ಬರೆದ್ರೆ ಫ್ಯಾಕ್ಟರಿಯಿಂದ ಬಂದ ಹಾಗೆ ಆಗ್ತದೆ.


ಹ್ವಾಯ್ ಕುಂದಾಪ್ರ:

ಸೋಲ್ಡರ್ ಅಣ್ಣ ಹೇಳಿದ್ದಕ್ಕೆ ನಾನೂ ಒಪ್ತೆ, ಮೋಟರ್ ಸಮ ಆಯ್ಲಿ ಮೊದ್ಲು. ಆರೆ ಸೌಂಡಿಗೆ ಜಾಗ ಈಗಳೇ ಬಿಟ್ಟಿಡಿ ಮರ್ರೆ, ಅಥರ್ನಿನ ಹಿಂದಿನ ತುದಿಯಲ್ಲಿ ಸ್ಪೀಕರ್ ಕೂರುವಷ್ಟು. ಸಾದಾ ಡಿಕೋಡರನ್ನ ನೇರ ಸೋಲ್ಡರ್ ಮಾಡ್ದೆ 8 ಪಿನ್ ಸಾಕೆಟ್ ಒಂದನ್ನ ಇಂಜಿನಿಗೆ ಸೋಲ್ಡರ್ ಮಾಡಿ, ಅದಕ್ಕೆ ಡಿಕೋಡರ್ ಚುಚ್ಚಿ. ನಾಳೆ ಸೌಂಡಿಂದು ಬಂದ್ರೆ ಎಳ್ದು ಇದ್ನ ಹಾಕಿದ್ರೆ ಆಯ್ತ್, ತೆಗ್ದದ್ದು ಎರಡನೇ ಡೀಸೆಲಿಗೆ ಹೋಯ್ತ್. ಒಂದು ರೂಪಾಯಿ ದಂಡ ಇಲ್ಲೆ.

ಮತ್ತೆ ವಿದೇಶದಿಂದ ತರ್ಸುದಾದ್ರೆ ಒಂದೊಂದೇ ತರ್ಸ್ಬೇಡಿ, ಡ್ಯೂಟಿ, ಅದ್ರ ಮೇಲೆ ಜಿಎಸ್‌ಟಿ, ಅದ್ರ ಮೇಲೆ ಕೊರಿಯರಿನವ್ರ ಚಾರ್ಜು, ಸಾದಾ ಡಿಕೋಡರಿಗೆ ಡಿಕೋಡರಿನಷ್ಟೇ ಖರ್ಚು ಬೀಳತ್ತ್. ಭಾವ ಜರ್ಮನಿಯಲ್ಲಿ ಇದ್ರಲ್ಲ, ಅವ್ರು ರಜೆಗೆ ಬಪ್ಪತ್ತಿಗೆ ಎಲ್ಲಾ ಒಟ್ಟಿಗೆ ತರ್ಲಿ. ಪಟ್ಟಿ ಕೊಡುವತ್ತಿಗೆ ಸಾಕೆಟಿನ ಫೋಟೋ ಕಳ್ಸಿ, ಬರೇ ಹೆಸರು ಹೇಳಿದ್ರೆ ಅಂಗಡಿಯವ ಕೈಗೆ ಸಿಕ್ಕಿದ್ದು ಕೊಡ್ತ.


ಪಡೀಲ್ ಯಾರ್ಡ್:

ಸಾಕೆಟ್ ಸೋಲ್ಡರ್ ಮಾಡುವ ಐಡಿಯಾ ತುಂಬಾ ಇಷ್ಟ ಆಯ್ತು, ಹಾಗೇ ಮಾಡ್ತೇನೆ. ಕಮ್ಯುಟೇಟರ್ ಕೆರೆದ ಮೇಲೆ ಸ್ಟಾಲ್ 1.2ಕ್ಕೆ ಇಳಿದಿದೆ, ಸಂದಿಂದ ಬಂದ ಕಪ್ಪು ಪುಡಿ ನೋಡ್ಬೇಕಿತ್ತು ನೀವು.

ಹಾಗಾದ್ರೆ ಭಾವನಿಗೆ ಕಳಿಸುವ ಪಟ್ಟಿ: ರೋಕೊಗೆ ಪ್ಲಕ್ಸ್22 ಲೋಕ್‌ಪೈಲಟ್ ಡಿಸಿಸಿ, ಟ್ಯಾಂಕಿಗೆ ಜೀಮೋ 6 ಪಿನ್, ಅಥರ್ನಿಗೆ 1.5 ಆಂಪಿನದ್ದು 8 ಪಿನ್ ಪ್ಲಗ್ ಇರುವಂತದ್ದು, ಸಾಕೆಟ್ ಎರಡು. ಸೌಂಡ್ ದೀಪಾವಳಿಗೆ ಅಂತ ಮಗಳನ್ನು ಒಪ್ಪಿಸಿದ್ದೇನೆ. ಹಾಕಿದ ಮೇಲೆ ನೇರ ಮೇನ್ ಟ್ರ್ಯಾಕಿಗೆ ಇಡ್ಬಹುದಲ್ವಾ?


ಮಣಿಪಾಲ್ ಸೋಲ್ಡರ್:

ಬೇಡ ಬೇಡ. ಮೊದಲು ಪ್ರೋಗ್ರಾಮಿಂಗ್ ಟ್ರ್ಯಾಕಲ್ಲಿ, ಅಂದ್ರೆ ಸೆಟ್ಟಿಂಗ್ ಬರೀಲಿಕ್ಕೆ ಬೇರೆ ಇಟ್ಟ ಹಳಿಯ ತುಂಡಲ್ಲಿ, ಇಟ್ಟು ಸಿವಿ8 ಓದಿಸಿ, ಅದ್ರಲ್ಲಿ ಕಂಪೆನಿಯ ನಂಬರ್ ಇರ್ತದೆ. ಅಲ್ಲಿ ಕರೆಂಟ್ ಕಮ್ಮಿ, ವಯರಿಂಗ್ ತಪ್ಪಿದ್ರೂ ಸಾಮಾನ್ಯವಾಗಿ ಡಿಕೋಡರ್ ಉಳೀತದೆ. ಡಿಕೋಡರ್ ಉತ್ತರ ಕೊಡುದು ಮೋಟರಿಗೆ ಒಂದು ಕ್ಷಣ ಕರೆಂಟ್ ಕೊಟ್ಟು, 60 ಮಿಲಿಆಂಪಿನ ಒಂದು ಸಣ್ಣ ಜರ್ಕ್, ಹಾಗಾಗಿ ಕಂಪೆನಿಯ ನಂಬರ್ ಸರಿಯಾಗಿ ಬಂತು ಅಂದ್ರೆ ಹಳಿಯ ಎರಡು ವಯರೂ ಮೋಟರಿನ ಎರಡು ವಯರೂ ಸರಿ ಇದೆ ಅಂತ. ಬರ್ಲಿಲ್ಲ ಅಂದ್ರೆ ಬಿಚ್ಚಿ ನೋಡಿ, ಮೇನಿಗೆ ಇಟ್ಟು ನೋಡುವ ಅಂತ ಹೋಗ್ಬೇಡಿ. ಕೀಪ್ ಅಲೈವ್ ಜೋಡಿಸಿದ್ರೆ ಕೆಲವು ಸಲ ಓದ್ಲಿಕ್ಕೆ ಆಗುದಿಲ್ಲ, ಅದಕ್ಕೆ ಮೊದಲು ಓದಿಸಿ ಆಮೇಲೆ ಕೀಪ್ ಅಲೈವ್ ಹಾಕಿ.

ಮೇನ್ ಟ್ರ್ಯಾಕಲ್ಲಿ ಇಂಜಿನ್ ಇಡುವ ಮೊದಲು 5 ರೂಪಾಯಿ ನಾಣ್ಯ ಒಂದನ್ನು ಎರಡು ಹಳಿಗೂ ಅಡ್ಡ ಇಟ್ಟು ನೋಡಿ, ಬೋರ್ಡಿನ ಎಲ್ಲಾ ಮೂಲೆಯಲ್ಲೂ. ಪ್ರತಿ ಕಡೆಯೂ ಬೂಸ್ಟರ್ (ಹಳಿಗೆ ಪವರ್ ಕೊಡುವ ಭಾಗ) ಟಕ್ ಅಂತ ಟ್ರಿಪ್ ಆಗ್ಬೇಕು. ಆಗದ ಕಡೆ ಇನ್ನೊಂದು ಜೊತೆ ಫೀಡರ್ ವಯರ್ ಹಾಕಿ, ಇಲ್ಲದಿದ್ರೆ ಅಲ್ಲಿ ಇಂಜಿನ್ ಹಳಿ ತಪ್ಪಿದ ದಿನ ಬೂಸ್ಟರ್ ಸುಮ್ಮನೆ ಇರ್ತದೆ, ಕರಗುದು ಚಕ್ರದ ಹತ್ರದ ಪ್ಲಾಸ್ಟಿಕ್ಕು.